ಫಾದರ್ ಬಾರದ ಭಾನುವಾರ ಬಲಿಪೂಜೆ ಯಾರದು?

ಮಳೆಗಾಲದಲ್ಲಿ ಮೂಡಿಗೆರೆ ಕಡೆಯ ತೋಟದ ಚಾಪೆಲಿಗೆ ಫಾದರ್ ಬರುವುದು ತಪ್ಪಿತೆಂದರೆ ಈ ಮಾತು ಏಳುತ್ತದೆ: "ಆದಿ ಕ್ರೈಸ್ತರು ಮನೆಮನೆಯಲ್ಲೇ ರೊಟ್ಟಿ ಮುರಿಯುತ್ತಿದ್ದರಲ್ಲ, ನಮ್ಮ ಉಪದೇಶಿಗಳೇ ಪೂಜೆ ಮಾಡಿದರೆ ಏನಂತೆ?" ರೊಟ್ಟಿ ಮುರಿಯುವುದೆಂದರೆ ರೊಟ್ಟಿ, ದ್ರಾಕ್ಷಾರಸಗಳನ್ನು ಸ್ತುತಿಸಿ ಅರ್ಪಿಸಿ ಹಂಚುವ ಬಲಿಪೂಜೆಯೇ; ಉಪದೇಶಿಗಳು ಅಂದರೆ ಗುರುಪಟ್ಟವಿಲ್ಲದೆ ಧರ್ಮ ಕಲಿಸುವವರು. ಮನೆಯಲ್ಲಿ ಮುರಿಯುತ್ತಿದ್ದದ್ದು ನಿಜ. ಆದರೆ ಯಾರು ಬೇಕಾದರೂ ನಡೆಸುತ್ತಿದ್ದರು ಅನ್ನಲು ಅಷ್ಟು ಸಾಲದು.

ಆದಿ ಕ್ರೈಸ್ತರ ಬಹಳ ಹಳೆಯ ಕೈಪಿಡಿ 'ದಿದಾಖೆ'ಯಲ್ಲಿ ಮೊದಲು ಪಾನಪಾತ್ರೆ, ಆಮೇಲೆ ರೊಟ್ಟಿ. ದೀಕ್ಷಾಸ್ನಾನ ಆಗದವರಿಗೆ ಕೊಡಬಾರದು, ಜಗಳವಾಡಿದವರು ರಾಜಿಯಾಗದೆ ಸೇರಬಾರದು ಎಂದು ಖಡಾಖಂಡಿತವಾಗಿ ಹೇಳುತ್ತದೆ. ಯಾರು ನಡೆಸಬೇಕೆಂಬ ಬಗ್ಗೆ ಮಾತ್ರ ಮಾತು ಕಡಿಮೆ: ಪ್ರವಾದಿಗಳು ತಮಗೆ ತೋಚಿದಷ್ಟು ಸ್ತುತಿಸಲಿ ಅನ್ನುತ್ತದೆ, ಅಷ್ಟೇ. ಮುಂದೆ, ಧರ್ಮಾಧ್ಯಕ್ಷರನ್ನೂ (ಬಿಷಪ್) ಡೀಕನ್ನರನ್ನೂ (ಅವರ ಸಹಾಯಕ ಸೇವಕರು) ಆರಿಸಿಕೊಳ್ಳಿ, ಪ್ರವಾದಿಗಳ ಸೇವೆಯನ್ನು ಅವರೂ ಮಾಡುತ್ತಾರೆ ಅನ್ನುತ್ತದೆ.

ಎರಡನೇ ಶತಮಾನದ ಆರಂಭದಲ್ಲಿ ಅಂತಿಯೋಕ್ಯದ ಧರ್ಮಾಧ್ಯಕ್ಷ ಇಗ್ನೇಷಿಯಸ್ ಬಿಗಿ ಮಾಡಿದರು. ಧರ್ಮಾಧ್ಯಕ್ಷರು, ಇಲ್ಲವೇ ಅವರು ಒಪ್ಪಿಸಿದವರು ನಡೆಸಿದ್ದೇ ಸಿಂಧು ಎಂದು ಸ್ಮಿರ್ನ ಊರಿನ ಕ್ರೈಸ್ತರಿಗೆ ಬರೆದರು. ಆ 'ಇಲ್ಲವೇ' ಗಮನಿಸಿ, ಮುಂದೆ ಗುರುಗಳು, ಅಂದರೆ ಫಾದರುಗಳು, ಪೂಜೆ ನಡೆಸಲು ಬಂದದ್ದು ಅದೇ ಬಾಗಿಲಿಂದ ಅಂತ ನನ್ನ ಲೆಕ್ಕ. ಇದು ಬರೀ ಅಧಿಕಾರದ ಆಸೆಯಲ್ಲ. ಆ ರೊಟ್ಟಿ ಕ್ರಿಸ್ತರ ದೇಹವೆಂದು ಒಪ್ಪದವರು ಆಗಲೇ ಪ್ರತ್ಯೇಕವಾಗಿ ಹೋಗುತ್ತಿದ್ದರು.

ಸುಮಾರು 155ರಲ್ಲಿ ರೋಮಿನಲ್ಲಿದ್ದ ಕ್ರೈಸ್ತ ಲೇಖಕ ಜಸ್ಟಿನ್ ಇಡೀ ಕ್ರಮ ಬರೆದಿಟ್ಟಿದ್ದಾರೆ: ವಾಚನ, ಮುಂದಾಳಿನ ಉಪದೇಶ, ಎಲ್ಲರೂ ಎದ್ದು ಪ್ರಾರ್ಥನೆ, ರೊಟ್ಟಿ, ನೀರು ಬೆರೆಸಿದ ದ್ರಾಕ್ಷಾರಸ. ಮುಂದಾಳು ತನ್ನ ಶಕ್ತ್ಯಾನುಸಾರ ಸ್ತುತಿಸುತ್ತಾನೆ, ಜನ 'ಆಮೆನ್' ಅನ್ನುತ್ತಾರೆ. ಬಾರದವರಿಗೆ ಡೀಕನ್ನರು ಒಯ್ದು ಕೊಡುತ್ತಾರೆ.

ಆ ನೀರಿನದೂ ಒಂದು ಕಥೆ. ಆಫ್ರಿಕದಲ್ಲಿ ಕೆಲವರು ಬೆಳಗಿನ ಪೂಜೆಗೆ ಬರೀ ನೀರು ಇಡುತ್ತಿದ್ದರು; ಕ್ರೈಸ್ತರಿಗೆ ಹಿಂಸೆಯಿದ್ದ ಕಾಲ, ಬಾಯಿಂದ ದ್ರಾಕ್ಷಾರಸದ ವಾಸನೆ ಬಂದರೆ ಕ್ರೈಸ್ತರೆಂದು ಗೊತ್ತಾಗುತ್ತದಲ್ಲ! ಕಾರ್ಥೇಜಿನ ಧರ್ಮಾಧ್ಯಕ್ಷ ಸಿಪ್ರಿಯನ್ ಒಪ್ಪಲಿಲ್ಲ: ನೀರು ಜನ, ದ್ರಾಕ್ಷಾರಸ ಕ್ರಿಸ್ತ, ಎರಡೂ ಬೆರೆಯಲೇಬೇಕು. ಇವತ್ತಿಗೂ ಗುರುಗಳು ಪಾತ್ರೆಗೆ ಒಂದೆರಡು ಹನಿ ನೀರು ಬಿಡುತ್ತಾರೆ.

ಕೆಲವು ಊರುಗಳಲ್ಲಿ ಡೀಕನ್ನರು ಗುರುಗಳಿಗೇ ಪ್ರಸಾದ ಕೊಡತೊಡಗಿದಾಗ 325ರಲ್ಲಿ ಧರ್ಮಾಧ್ಯಕ್ಷರು ಸೇರಿದ್ದ ನೈಸಿಯ ಮಹಾಸಭೆ ತಡೆಯಿತು: ಅರ್ಪಿಸುವ ಅಧಿಕಾರವಿಲ್ಲದವರು ಅರ್ಪಿಸುವವರಿಗೆ ಕೊಡುವುದು ಸಲ್ಲ.

ಅರ್ಪಿಸುವುದು ಬೇರೆ, ಹಂಚುವುದು ಬೇರೆ. ತೋಟದ ಚಾಪೆಲಿನಲ್ಲಿ ಅನುಮತಿ ಪಡೆದ ಉಪದೇಶಿಗಳು ವಾಚನ ಓದಿಸಬಹುದು, ಪ್ರಾರ್ಥನೆ ನಡೆಸಬಹುದು, ಮೊದಲೇ ಅರ್ಪಿತವಾದ ಪರಮಪ್ರಸಾದವನ್ನು ಧರ್ಮಕೇಂದ್ರದ ಚರ್ಚಿನಿಂದ ತಂದು ಹಂಚಬಹುದು. ಬಲಿಪೂಜೆಯ ಸ್ತುತಿಪ್ರಾರ್ಥನೆಗೆ ಮಾತ್ರ ಕೈಹಾಕುವಂತಿಲ್ಲ. ಹಾಗಾಗಿ ಘಾಟಿಯಲ್ಲಿ ಮಳೆ ಹಿಡಿಯುವ ಸೂಚನೆ ಕಂಡರೆ, ತೋಟಕ್ಕೆ ಎಷ್ಟು ಜನರಿಗೆ ಬೇಕೆಂದು ಹಿಂದಿನ ಪೂಜೆಗೆ ಮುಂಚೆಯೇ ಫಾದರಿಗೆ ತಿಳಿಸಿಬಿಡಿ; ಆ ಪೂಜೆಯಲ್ಲೇ ಅಷ್ಟನ್ನೂ ಅರ್ಪಿಸಿಡಬಹುದು.