ಇಂಗಿನ ಡಬ್ಬಿ

ಬೆಳಗ್ಗೆ ಸಾರಿಗೆ ಒಗ್ಗರಣೆ ಹಾಕಲು ಇಂಗಿನ ಡಬ್ಬಿ ತೆಗೆದೆ. ನಮ್ಮ ದೇಶಕ್ಕೆ ಬರುವ ಇಂಗಿನಲ್ಲಿ ದೊಡ್ಡ ಪಾಲು ಅಫ್ಘಾನಿಸ್ತಾನದ್ದು. ಅಲ್ಲಿನ ಒಣಗುಡ್ಡಗಳ ಗಿಡದ ಬೇರು ಗೀರಿದಾಗ ಒಸರುವ ಅಂಟು ಎಷ್ಟೋ ಗಡಿ ದಾಟಿ ನನ್ನ ಸೌಟಿಗೆ ಬರುತ್ತದೆ. ಅಲ್ಲಿನ ಹುಡುಗಿಗೆ ಮಾತ್ರ ಆರನೇ ತರಗತಿಯ ಆಚೆಗೆ ಶಾಲೆಯಿಲ್ಲ.

2022ರ ಮಾರ್ಚ್ 23ರಂದು ಹೈಸ್ಕೂಲು ತೆರೆಯಿತೆಂದು ಚೀಲ ಹೊತ್ತು ಬಂದ ಹುಡುಗಿಯರು ಕೆಲವೇ ಗಂಟೆಗಳಲ್ಲಿ ಅಳುತ್ತಾ ಮನೆಗೆ ಮರಳಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಅವರಿಗೆ ವಿಶ್ವವಿದ್ಯಾಲಯಗಳ ಬಾಗಿಲೂ ಮುಚ್ಚಿತು, ಮರುವರ್ಷ ಬ್ಯೂಟಿ ಪಾರ್ಲರುಗಳೂ ಮುಚ್ಚಿದವು. 2024ರ ಕೊನೆಗೆ ಹೆಣ್ಣುಮಕ್ಕಳಿಗೆ ನರ್ಸಿಂಗ್, ಹೆರಿಗೆ ಮಾಡಿಸುವ ತರಬೇತಿಯೂ ನಿಂತಿತು. ಆ ಆದೇಶ ಹೊರಡಿಸಿದ ತಾಲಿಬಾನಿಗಳ ಮನೆಗಳಲ್ಲಿ ಬಸುರಿಯರು ಇರುವುದಿಲ್ಲವೇ?

2023ರ ಶರತ್ಕಾಲದಲ್ಲಿ ದಾಖಲೆಯಿಲ್ಲದ ಅಫ್ಘನ್ನರನ್ನು ಪಾಕಿಸ್ತಾನ ಹೊರಹಾಕತೊಡಗಿತು. ತೋರ್ಖಮ್ ಗಡಿಯಲ್ಲಿ ಲಾರಿಗಳ ಸಾಲು. ಹಾಸಿಗೆ, ಪಾತ್ರೆ, ಮಕ್ಕಳು, ಮುದುಕರು ಎಲ್ಲ ಒಂದರ ಮೇಲೊಂದು. ಪಾಕಿಸ್ತಾನದಲ್ಲೇ ಹುಟ್ಟಿ, ಅಲ್ಲೇ ಶಾಲೆಗೆ ಹೋಗುತ್ತಿದ್ದ ಹುಡುಗಿಯರೂ ಅದರಲ್ಲಿದ್ದರು. ಸುದ್ದಿಯವರು ಅದನ್ನು ‘ಮರಳುವಿಕೆ’ ಎಂದು ಕರೆದರು. ಕಣ್ಣಾರೆ ಕಾಣದ ಊರಿಗೆ ಮರಳುವುದು ಹೇಗೋ, ನನಗಂತೂ ತಿಳಿಯಲಿಲ್ಲ.

ಇಷ್ಟು ಯೋಚಿಸುವಷ್ಟರಲ್ಲಿ ಸಾಸಿವೆ ಸೀದಿತ್ತು. ಸೌಟು ತೊಳೆದು ಮತ್ತೆ ಎಣ್ಣೆ ಕಾಯಲು ಇಟ್ಟೆ.