ಕಡಲ ಬದಿ ಮನೆ ಯಾಕೆ ಅಗ್ಗ?

ಮಡಿಕೇರಿಯಲ್ಲಿ ಮನೆ ಕೊಳ್ಳೋದು ನಮ್ಮಂಥ ಸಂಬಳದವರಿಗೆ ಆಗುವ ಮಾತಲ್ಲ. ಹೋಂಸ್ಟೇ ಭರಾಟೆಯಲ್ಲಿ ಜಾಗದ ಸೆಂಟ್ಸ್ ರೇಟು ಎಲ್ಲಿಗೋ ಹೋಗಿದೆ. ಕಮ್ಮಿಗೆ ಸಿಗುವ ಜಾಗ ಒಂದೋ ಬರೆಯ, ಅಂದ್ರೆ ಕಡಿದಾದ ಮಣ್ಣಿನ ಇಳಿಜಾರಿನ ಮೇಲೆ, ಇಲ್ಲಾ ಬರೆಯ ಕೆಳಗೆ. 2018ರ ಆಗಸ್ಟ್‌ನ ಭೂಕುಸಿತ ನೋಡಿದವರು ಅಲ್ಲಿ ದುಡ್ಡು ಹಾಕ್ತಾರಾ? ಅಮ್ಮನಿಗೆ ಬೇರೆ ಇಲ್ಲಿನ ಚಳಿಗೆ ಮಂಡಿ ನೋವು, ಮಗಳ ಕೆಲಸ ಮಂಗಳೂರಿನಲ್ಲಿ. ಅದಕ್ಕೇ ಅಲ್ಲೇ ಹತ್ತಿರ, ಕಡಲ ಬದಿಯ ಮೂಲ್ಕಿ, ಹೆಜಮಾಡಿ ಕಡೆ ಮನೆ ನೋಡಲು ಶುರು ಮಾಡಿದೆವು.

ಮೇ ತಿಂಗಳ ಒಂದು ಭಾನುವಾರ ಬೆಳಗ್ಗೆ ಸಂಪಾಜೆ ಘಾಟಿ ಇಳಿದೆವು. ಸುಳ್ಯ ಬರುವಷ್ಟರಲ್ಲಿ ಸ್ವೆಟರ್ ಹಿಂದಿನ ಸೀಟಿಗೆ ಹೋಯಿತು, ಪುತ್ತೂರಿನಲ್ಲಿ ಎಸಿ ಹಾಕಿಸಿಕೊಂಡರು ನನ್ನ ಹೆಂಡತಿ. ಬ್ರೋಕರ್ ತೋರಿಸಿದ ಮೊದಲನೇ ಮನೆ ಕಡಲಿಗೆ ಎಷ್ಟು ಹತ್ತಿರ ಅಂದ್ರೆ ಜಗಲಿಯಲ್ಲಿ ಕೂತರೆ ಅಲೆ ಕಾಣುತ್ತೆ. ಹಂಚಿನ ಮಾಡು, ಕೆಂಪು ಕಲ್ಲಿನ ಗೋಡೆ, ಹಿಂದೆ ತಾರಸಿ ಹಾಕಿದ ಎರಡು ಕೋಣೆ, ನಾಲ್ಕು ತೆಂಗು. ರೇಟು ಕೇಳಿ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಮಡಿಕೇರಿಯಲ್ಲಿ ಅಷ್ಟಕ್ಕೆ ಬರೀ ಸೈಟೂ ಬರಲ್ಲ.

ನಾನು ಸುಮ್ನೆ ಕಿಟಕಿಯ ಸರಳು ಹಿಡಿದೆ. ಬಣ್ಣದ ಸಮೇತ ತುಕ್ಕು ಹಪ್ಪಳದ ಹಾಗೆ ಎದ್ದು ಕೈಗೆ ಬಂತು. ಹಿಂದಿನ ಕೋಣೆಯ ತಾರಸಿಯಲ್ಲಿ ಒಂದು ಕಡೆ ಗಾರೆ ಉದುರಿ ಒಳಗಿನ ಕಬ್ಬಿಣ ಕಾಣುತ್ತಿತ್ತು, ಅದೂ ತುಕ್ಕು ಹಿಡಿದು ಉಬ್ಬಿತ್ತು. ನಮ್ಮಲ್ಲಿ ಮಳೆಗೆ ಮರ ಕೊಳೆಯುತ್ತೆ, ಅಲ್ಲಿ ಉಪ್ಪು ಗಾಳಿಗೆ ಕಬ್ಬಿಣವೇ ಉಳಿಯಲ್ಲ.

ಆಚೆ ಮನೆಯ ಹೆಂಗಸೊಬ್ಬರು ಬೇಲಿ ಹತ್ತಿರ ಬಂದು ನಿಂತಿದ್ದರು.

"ಮಡಿಕೇರಿಯವರಾ? ಬಾವಿ ನೀರು ಕುಡಿದು ನೋಡಿದ್ರಾ ಮಾರಾಯ್ರೆ?"

ಬ್ರೋಕರ್ ಮುಖ ಸಪ್ಪೆಯಾಯಿತು. ನಾನೇ ಕೊಡಪಾನ ಇಳಿಸಿ ಸೇದಿ ಒಂದು ಗುಟುಕು ಕುಡಿದೆ. ಉಪ್ಪು, ನುಂಗಲು ಆಗಲಿಲ್ಲ. ಮಳೆಗಾಲದಲ್ಲಿ ಸಿಹಿಯಾಗೇ ಇರುತ್ತಂತೆ. ಬೇಸಿಗೆಯಲ್ಲಿ ಬಾವಿಯ ನೀರು ಇಳಿದಾಗ ಕಡಲ ನೀರು ಅಡಿಯಿಂದ ಒಳಗೆ ನುಗ್ಗುತ್ತದೆ. ಡಿಸೆಂಬರ್ ರಜೆಯಲ್ಲಿ ಬಂದು ನೋಡುವವರಿಗೆ ಇದು ಗೊತ್ತೇ ಆಗಲ್ಲ.

ಇನ್ನು ಸಿಆರ್‌ಝಡ್, ಅಂದ್ರೆ ಕರಾವಳಿ ನಿಯಂತ್ರಣ ವಲಯದ ಕಥೆ. 2019ರ ಅಧಿಸೂಚನೆ ಪ್ರಕಾರ ಹಳ್ಳಿ ಕಡೆ ಜನಸಾಂದ್ರತೆ ಚದರ ಕಿಲೋಮೀಟರಿಗೆ 2161ಕ್ಕಿಂತ ಜಾಸ್ತಿ ಇದ್ದರೆ ಉಬ್ಬರದ ಗೆರೆಯಿಂದ 50 ಮೀಟರ್, ಕಮ್ಮಿ ಇದ್ದರೆ 200 ಮೀಟರ್ ಒಳಗೆ ಹೊಸ ಮನೆ ಕಟ್ಟುವ ಹಾಗಿಲ್ಲ. ಪರ್ಮಿಶನ್ ಇರುವ ಹಳೆ ಮನೆ ರಿಪೇರಿ ಮಾಡಬಹುದು, ಅಡಿಪಾಯದ ಅಳತೆಯಾಗಲಿ, ಕಟ್ಟಡದ ಒಟ್ಟು ವಿಸ್ತೀರ್ಣವಾಗಲಿ ದೊಡ್ಡದು ಮಾಡುವಂತಿಲ್ಲ. ಮೇಲೊಂದು ಮಹಡಿ ಎಬ್ಬಿಸಿ ಮಗಳಿಗೆ ಕೊಡುವ ಲೆಕ್ಕ ಹಾಕಿದ್ದ ನನ್ನ ಹೆಂಡತಿಗೆ ಅಲ್ಲೇ ಆಸಕ್ತಿ ಹೋಯಿತು. ಉಳ್ಳಾಲ, ಸೋಮೇಶ್ವರದ ಕಡಲ್ಕೊರೆತ ಟಿವಿಯಲ್ಲಿ ನೋಡಿದವರಿಗೆ ಜಾಸ್ತಿ ಹೇಳಬೇಕಿಲ್ಲ.

ನಮಗೆ ಹಿಡಿಸಿದ್ದು ಹೆದ್ದಾರಿ 66ರ ಪೂರ್ವಕ್ಕೆ, ಒಳಗಿನ ಒಂದು ಮನೆ. ಅಲೆ ಕಾಣಲ್ಲ, ಗಾಳಿ ಬಿಸಿ. ಆದರೆ ಮೇ ತಿಂಗಳಲ್ಲೂ ಬಾವಿ ನೀರು ಸಿಹಿ. ಮೀನಿನವರು ಬೆಳಗ್ಗೆ ಸ್ಕೂಟರಿನಲ್ಲಿ ಬಾಗಿಲಿಗೇ ಬರ್ತಾರೆ. ಮಡಿಕೇರಿಗೆ ಐಸಿನಲ್ಲಿ ಬರುವ ಬಂಗುಡೆ ತಿಂದವರಿಗೆ ಇದೇನು ಸಣ್ಣ ವಿಷಯ ಅಲ್ಲ ಬಿಡಿ. ರೇಟು ಮೊದಲನೇದಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ಕಾಗದ ಪತ್ರ ಈಗ ವಕೀಲರ ಹತ್ತಿರ ಇದೆ. ಆರ್‌ಟಿಸಿ (ಪಹಣಿ), ಕೃಷಿ ಜಾಗವನ್ನು ಮನೆ ಜಾಗ ಮಾಡಿದ ಕನ್ವರ್ಷನ್ ಆದೇಶ, ಪಂಚಾಯತಿಯ ಖಾತೆ ಪತ್ರವಾದ 9/11 ನಮೂನೆ, ಇಸಿ (ಋಣಭಾರ ಪತ್ರ) ಎಲ್ಲ ನೋಡ್ತಿದ್ದಾರೆ. 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇಕಡಾ 1ರಿಂದ 2 ಆಗಿದೆ, ಸ್ಟಾಂಪ್ ಡ್ಯೂಟಿ ಬೇರೆ. ಮನೆ ರೇಟು ಮಾತಾಡುವಾಗಲೇ ಇದನ್ನೂ ಕೂಡಿಸಿಕೊಳ್ಳಿ, ಇಲ್ಲಾಂದ್ರೆ ಆಮೇಲೆ ಬ್ಯಾಂಕಿನವರ ಮುಂದೆ ನಿಲ್ಲಬೇಕಾಗುತ್ತೆ.

"ಮುಂಗಡ ಕೊಡುವ ಮೊದಲು ಜೋರು ಮಳೆಯಲ್ಲಿ ಒಂದ್ಸಲ ನೋಡೋಣ ರೀ, ಅಂಗಳದಲ್ಲಿ ನೀರು ನಿಲ್ಲುತ್ತಾ ಅಂತ" ಅಂತಾಳೆ ನನ್ನ ಹೆಂಡತಿ. ಜುಲೈನಲ್ಲಿ ಹೋಗ್ತೇವೆ, ಘಾಟಿಯ ಜೋಡುಪಾಲದ ಹತ್ತಿರ ರಸ್ತೆ ಬಂದ್ ಆಗದಿದ್ದರೆ.