ಥುನ್ ಮೇಲೆ ಬಂದ ವರ್ಷ
ತುಮಕೂರಿನ ನಮ್ಮ ಬೀದಿಯಲ್ಲಿ ಎಲ್ಲರೂ ಐಪಿಎಲ್ ನೋಡುತ್ತಿದ್ದಾಗ ನಾನು ಸ್ವಿಟ್ಜರ್ಲೆಂಡಿನ ಎರಡನೇ ದರ್ಜೆಯ ಫುಟ್‌ಬಾಲ್ ಲೀಗ್ ಆದ ಚಾಲೆಂಜ್ ಲೀಗ್ ಹಿಂದೆ ಬಿದ್ದಿದ್ದೆ. 2024-25ರ ಸೀಸನ್ ಅದು. ಹತ್ತೇ ತಂಡ, ಒಂದೊಂದು ತಂಡದ ಜೊತೆ ನಾಲ್ಕು ಸಲ ಆಡಬೇಕು, ಒಟ್ಟು 36 ಪಂದ್ಯ. ಚಳಿಗಾಲದಲ್ಲಿ ಲೀಗಿಗೇ ರಜೆ!

ನನ್ನ ಮನಸ್ಸೆಲ್ಲ ಥುನ್ ಎಂಬ ತಂಡದ ಮೇಲೆ. 2020ರ ಪ್ಲೇಆಫ್‌ನಲ್ಲಿ ಸೋಲಿಸಿ ಅವರನ್ನು ಮೊದಲ ದರ್ಜೆಯ ಸೂಪರ್ ಲೀಗಿನಿಂದ ಕೆಳಗೆ ತಳ್ಳಿದ್ದು ವಾಡುಝ್, ಅದು ಸ್ವಿಟ್ಜರ್ಲೆಂಡಿನದೇ ಅಲ್ಲ, ಪಕ್ಕದ ಲಿಕ್ಟೆನ್‌ಸ್ಟೈನ್ ದೇಶದ ತಂಡ, ಅಲ್ಲಿ ಸ್ವಂತ ಲೀಗ್ ಇಲ್ಲದೆ ಇಲ್ಲಿ ಬಂದು ಆಡುತ್ತಾರೆ. ಆಮೇಲೆ ಐದು ವರ್ಷ ಕಾದಿದ್ದಾರೆ ಥುನ್‌ನವರು, ಸುಮ್ನೆ ಅಲ್ಲ. ಕೊನೆಗೆ ಮೊದಲ ಸ್ಥಾನದಲ್ಲೇ ಮುಗಿಸಿ ಸೂಪರ್ ಲೀಗಿಗೆ ವಾಪಸ್ ಹೋದರು. ಸುದ್ದಿ ಓದಿ ನನಗೆ ಗಂಟಲು ಕಟ್ಟಿತು. ಬೆಳಗ್ಗೆ ಮಹಾತ್ಮ ಗಾಂಧಿ ಕ್ರೀಡಾಂಗಣದ ಹತ್ತಿರ ಸಿಕ್ಕ ಗೆಳೆಯನಿಗೆ ಇದನ್ನೇ ಹೇಳುತ್ತಾ ನಿಂತೆ, ಟೀ ಆರಿಹೋಯಿತು.